ಖಾರದ ಡಬ್ಬಿ ಬದಲಾತು, ಅವ್ವ "ಛಲೋ ಆಗೇತಿ" ಅಂದ್ಲು

ತಡೀರಿ, ಹೋಗಬ್ಯಾಡ್ರಿ. ಮಸಾಲಿ ಖಾರದ ಬಗ್ಗೆ ಓದೂದೇನೈತಿ ಅಂತ ಮುಂದ ಸರಿಸಬ್ಯಾಡ್ರಿ. ಇದರಾಗ ಒಂದು ಮಾತು ಬರೂದೈತಿ, ಅದು ಬರೂತನಾ ಕಾಯ್ರಿ. ನನಗ ಇನ್ನೂ ಸಿಟ್ಟು ಇಳದಿಲ್ಲ. ಟೈಪ್ ಮಾಡೂವಾಗ ಬೆರಳು ಜೋರ ಬಡ್ಯಾಕತ್ತಾವ, ತಪ್ಪಿದ್ರ ನೀವ ತಿದ್ಕೊಂಡು ಓದ್ರಿ.

ನಮ್ಮ ಮನಿ ಡೊಂಬಿವಲಿ ಈಸ್ಟಿನೊಳಗ. ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗ್, ಎರಡನೇ ಫ್ಲೋರು. ಅಪ್ಪ ಅವ್ವ ಹುಕ್ಕೇರಿ ಕಡಿಯಾವರು. ನಾ ಇಲ್ಲೇ ಹುಟ್ಟಿದಾಂವ, ಮರಾಠಿ ಸಾಲಿಯೊಳಗ ಕಲ್ತಾಂವ, ಕನ್ನಡ ಅಕ್ಷರ ಮಾತ್ರ ಅವ್ವನ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿ ನಾನ ಕಲ್ತೀನಿ. ನೌಕರಿ ಐರೋಲಿಯೊಳಗ. ಹುಚ್ಚು ಮಾತ್ರ ಮಸಾಲಿದು. ಎಲ್ಲಿ ಹೋದ್ರೂ ಒಂದು ಮುಷ್ಟಿ ಮಸಾಲಿ ತರ್ತೀನಿ, ಮೂಸ್ತೀನಿ, ಅದರಾಗ ಏನೇನೈತಿ ಅಂತ ನೋಟಬುಕ್ಕಿನ್ಯಾಗ ಬರೀತೀನಿ. ಕಲ್ಲಹೂವು ಬಿದ್ದೇತೋ ಇಲ್ಲೋ, ಮೆಂತೆ ಹುರದಾರೋ ಸುಟ್ಟಾರೋ, ಕಣ್ಣ ಮುಚ್ಚಿ ಹೇಳ್ತೀನಿ. ಆಫೀಸಿನ್ಯಾಗ ಎಲ್ಲಾರ ಟಿಫಿನ್ ಡಬ್ಬಿ ಮೂಸಿ ಮೂಸಿ ನನಗ ಒಂದು ಕೆಟ್ಟ ಹೆಸರೂ ಬಿದ್ದೇತಿ, ಅದನ್ನ ಇಲ್ಲಿ ಬರಿಯೂದಿಲ್ಲ.

ಅವ್ವನ ಖಾರ ಅಂದ್ರ ನಮ್ಮ ಕಡೆ ಮಂದಿಯೊಳಗ ಒಂದು ಲೆವೆಲ್ ಐತಿ. ಮೇ ತಿಂಗಳು ಬಂತಂದ್ರ ಕಲ್ಯಾಣದಿಂದ, ಟಿಟ್ವಾಳಾದಿಂದ ಹೆಣ್ಮಕ್ಕಳು ತಮ್ಮ ತಮ್ಮ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ರಿ ತೊಗೊಂಡ ನಮ್ಮ ಮನಿಗೆ ಬರ್ತಾರ. ಹುರಿಯೂದು ಅವರ, ಪಕ್ಕದಾಗ ನಿಂತು "ಸಾಕು, ಇಳಸು" ಅನ್ನೂದು ಅವ್ವ. ಆ ಒಂದು "ಸಾಕು" ಸಲುವಾಗಿ ಲೋಕಲ್ ಟ್ರೇನಿನ್ಯಾಗ ಚೀಲ ಹೊತ್ಕೊಂಡ ಬರ್ತಾರ ಅಂದ್ರ ತಿಳ್ಕೋರಿ.

ನಾ ನಾಲ್ಕು ವರ್ಷದಿಂದ ಕೇಳಾಕತ್ತಿದ್ನಿ, ಅವ್ವಾ ನನಗೂ ಒಮ್ಮೆ ಹುರ್ಯಾಕ ಕೊಡು ಅಂತ. "ಸರಿ ಆಕಡೆ, ನಿನ್ನ ನೋಟಬುಕ್ ಸುಟ್ಟೀತು" ಅಂತಿದ್ಲು. ಈ ವರ್ಷ ತಾನ ಕರದ್ಲು! "ಬಾ, ಈ ಸಲ ನೀನ ಹುರಿ. ನಾ ಹಿಂದ ನಿಂದರ್ತೀನಿ." ನಾ ಅಂತೂ ಕುಣ್ಯಾಡಿಬಿಟ್ಟೆ. ಶುಕ್ರವಾರ ರಜಾ ಹಾಕಿ ಕೂತು ಹುರದೆ. ಅವ್ವ ಹಿಂದ ನಿಂತು ಒಂದ ಸಮನ ಕೇಳಾಕತ್ಲು, "ಈಗ ವಾಸನಿ ಹೆಂಗ ಬರಾಕತ್ತೇತಿ?" "ಹಸಿ ಐತೇನು, ಹೋತೇನು?" "ಬರೋಬ್ಬರಿ ನೋಡಿ ಹೇಳು." ಪರೀಕ್ಷಾ ತೊಗೊಳ್ಳಾಕತ್ತಾಳ ಅಂತ ನಾ ಭಾಳ ಜಂಬದಿಂದ ಉತ್ತರ ಕೊಟ್ಟೆ. ಇದನ್ನ ನೆನಪಿಸ್ಕೊಂಡ್ರ ಈಗ ನನ್ನ ಕಪಾಳಕ್ಕ ನಾನ ಹೊಡ್ಕೋಬೇಕು ಅನಸ್ತೇತಿ.

ಶನಿವಾರ ಕುಟ್ಟಸಾಕ ಹೋದೆ. ಇಲ್ಲಿ ಮಸಾಲಿ ಬೀಸಂಗಿಲ್ಲ, ಕುಟ್ಟಸ್ತಾರ. ಕಬ್ಬಿಣದ ಒನಕಿ ಧಡ್ ಧಡ್ ಅಂತ ತಾವ ಮ್ಯಾಲ ಕೆಳಗ ಆಗೂ ಮಶೀನು, ಎಲ್ಲಾರೂ ಕಾಂಡಪ್ ಅಂತಾರ. ಮೇ ತಿಂಗಳ ಅಲ್ಲಿ ಇಪ್ಪತ್ತು ಮಂದಿ ಹೆಣ್ಮಕ್ಕಳು ಸೆರಗು, ಓಢಣಿ ಮೂಗಿಗೆ ಕಟ್ಕೊಂಡು ಸಾಲಾಗಿ ಕೂತಿರ್ತಾರ. ಗಂಡಸು ನಾನೊಬ್ಬನ. ಒಬ್ಬಾಕಿ ಮರಾಠಿಯೊಳಗ ಕೇಳಿದ್ಲು, "ಯಾರ ಮನಿ ಸೊಸಿನೋ ನೀನು?" ಎಲ್ಲಾರೂ ಕೆಮ್ಕೋತ ನಕ್ಕರು. ನಾನೂ ನಕ್ಕೆ.

ಕಾಂಡಪಿಂದು ಒಂದ ನಿಯಮ. ನಿಮ್ಮ ಮಸಾಲಿ ಮಶೀನಿಗೆ ಬಿತ್ತಂದ್ರ ಡಬ್ಬಿಗೆ ತುಂಬೂತನಾ ನೀವು ಕದಲಬಾರದು. ಕಣ್ಣ ಉರೀಲಿ, ಸೀನು ಬರ್ಲಿ, ಅಲ್ಲೇ ಕುಂದ್ರಬೇಕು. ಅವ್ವ ಮೂರು ಸಲ ಹೇಳಿ ಕಳಿಸಿದ್ಲು. ನಾ ಕುಂತಿದ್ದೆನೂ ಹೌದು. ಆದ್ರ ಬಾಜೂ ಅಂಗಡಿಯಾಂವ ಒಬ್ಬಾಕಿಗೆ "ಅಸಲೀ ಬೇಡ್ಗಿ" ಅಂತ ಯಾವದೋ ನುಣ್ಣನ ಮೆಣಸಿನಕಾಯಿ ಕೊಡೂದು ಕಾಣಸ್ತು. ಬ್ಯಾಡಗಿ ಅಂದ್ರ ಸುಕ್ಕು ಸುಕ್ಕು ಇರಬೇಕು, ಇದು ನೋಡಿದ್ರ ಹಚ್ಚಡದಂಗ ಸಪಾಟು! ತಡ್ಕೊಳ್ಳಾಕ ಆಗಲಿಲ್ಲ. ಎದ್ದು ಹೋದೆ. "ಬ್ಯಾಡಗಿ ನಮ್ಮ ಕರ್ನಾಟಕದ ಊರು, ಗೊತ್ತೈತೇನು? ಸಂಕೇಶ್ವರಿ ಅಂತ ಮಾರ್ತೀರಲ್ಲ, ಅದು ನಮ್ಮ ಅಪ್ಪನ ಊರಿನ ಬಾಜೂ" ಅಂತ ಇಪ್ಪತ್ತು ನಿಮಿಷ ಭಾಷಣ ಹೊಡದೆ. ವಾಪಸ್ ಬಂದಾಗ ಮಾಲಕ "ಹೋ ಗಯಾ, ಲೇ ಜಾವ್" ಅಂತ ಬಟ್ಟಿ ಕಟ್ಟಿದ ಸ್ಟೀಲ್ ಡಬ್ಬಿ ಕೈಗೆ ಕೊಟ್ಟ. ತೊಗೊಂಡ ಬಂದೆ.

ಮನಿಗೆ ಬಂದ ಕೂಡಲೆ ಅವ್ವ ಡಬ್ಬಿ ಕಸಗೊಂಡ್ಲು. ಬಟ್ಟಿ ಬಿಚ್ಚಿ, ಒಂದು ಚಿಟಿಕಿ ಎತ್ತಿ, ಮೂಗಿನ ಹತ್ರ ಹಿಡದು, ಕಣ್ಣ ಮುಚ್ಚಿ ಉದ್ದಕ ಉಸರು ಎಳಕೊಂಡ್ಲು.

"ಆಹಾ. ಅಗದಿ ನಮ್ಮ ಅವ್ವ ಮಾಡಿದಂಗ ಆಗೇತಿ. ಛಲೋ ಹುರದೀಪಾ."

ನಾ ಜಂಬದಿಂದ ಡಬ್ಬಿಯೊಳಗ ಮೂಗು ಹಾಕಿದೆ.

ಅದು ನಮ್ಮ ಖಾರ ಅಲ್ಲ. ನೂರಕ್ಕ ನೂರು ಅಲ್ಲ. ಒಣಕೊಬ್ರಿ ವಾಸನಿ ಇಲ್ಲ, ಬಳ್ಳೊಳ್ಳಿ ಇಲ್ಲ, ಮೆಂತೆ ಇಲ್ಲ. ಚಕ್ರಿಮೊಗ್ಗು, ಕರಿಮೆಣಸು, ನಾಗಕೇಸರ ಧಡಧಡ ಮೂಗಿಗೆ ಬಡದ್ವು. ಇದು ಇಲ್ಲಿಯ ಆಗ್ರಿ ಮಂದಿ ಮೀನಿಗೆ ಹಾಕೂ ಮಸಾಲಿ. ಸಣ್ಣ ಕೂಸಿಗೂ ಗೊತ್ತಾಗೂ ಅಷ್ಟು ಫರಕ್ಕು. ಮೂವತ್ತು ವರ್ಷ ಖಾರ ಮಾಡಿದಾಕಿ, ಅದನ್ನ ಮೂಸಿ, "ನಮ್ಮ ಅವ್ವ ಮಾಡಿದಂಗ" ಅಂದ್ಲಲ್ಲ!

ನನಗ ಮೊದಲ ಬಂದಿದ್ದು ಸಿಟ್ಟು. ಅಂದ್ರ ಈಕಿಗೆ ನನ್ನ ಕೆಲಸದ ಮ್ಯಾಲ ಲಕ್ಷ್ಯನ ಇಲ್ಲ, ಹುಡುಗನ್ನ ಖುಷಿ ಮಾಡಾಕ ಸುಮ್ನ ಹೊಗಳಾಕತ್ತಾಳ ಅಂತ. ಡಬ್ಬಿ ಎತ್ಕೊಂಡ ಸಂಜೀ ಮುಂದ ಕಾಂಡಪಿಗೆ ಹೋಗಿ ಮಾಲಕನ ಮ್ಯಾಲ ಏರಿ ಹೋದೆ.

"ಇದು ನಂದಲ್ಲ."

"ಅರೇ ಭಾಯ್, ಸಬ್ ಲಾಲ್ ಹೈ, ಸಬ್ ಮಸಾಲಾ ಹೈ."

"ಸಬ್ ಲಾಲ್ ಹೈ ಅಂದ್ರ? ನಿಮ್ಮ ಮನಿ ಚಹಾದಾಗ ಉಪ್ಪು ಹಾಕಿ ಸಬ್ ಸಫೇದ್ ಹೈ ಅಂತೀರೇನು?"

ಸಾಲಿನ್ಯಾಗ ಕೂತ ಹೆಣ್ಮಕ್ಕಳು ಎರಡು ಪಾರ್ಟಿ ಆದರು. ಅರ್ಧ ಮಂದಿ ನನ್ನ ಕಡೆ. ಇನ್ನರ್ಧ ಮಂದಿ, "ಎದ್ದು ಯಾಕ ಹೋಗಿದ್ದಿ? ಭಾಷಣ ಮಾಡಾಕ ಹೋಗಿದ್ದಿ, ನಾವು ನೋಡೀವಿ." ನಾ ಇನ್ನೂ ಜೋರ ಒದರಿದೆ. ಮಾಲಕ ಪಂಖಾ ತನ್ನ ಕಡೆ ತಿರುವ್ಕೊಂಡು ಹೇಳಿದ, "ನಿನ್ನ ಡಬ್ಬಿ ಒಯ್ದಾಕಿ ಶೀಳ ರೋಡಿನ ಹಳ್ಳಿಯಾಕಿ. ಒಂದು ಹೊತ್ತು ಮೀನು ಮಾಡ್ತಾಳ, ನಾಳೆ ಮುಂಜಾನೆ ನಿನಗಿಂತ ಜೋರ ಒದರ್ಕೋತ ಬರ್ತಾಳ. ಬಾ."

ಬಂದ್ಲು ಖರೆ. ರವಿವಾರ ಮುಂಜಾನೆ, ಹಸರು ನವ್ವಾರಿ ಸೀರಿ ಉಟ್ಟ ಒಬ್ಬಾಕಿ ಅಜ್ಜಿ, ನನ್ನ ಡಬ್ಬಿ ಸೊಂಟದ ಮ್ಯಾಲ ಇಟ್ಕೊಂಡು. "ಇದ್ಯಾರ ಮನಿ ಸಪ್ಪನ ಮಸಾಲಿ? ಬೊಂಬಿಲ್ ಮೀನಿಗೆ ಹಾಕಿದ್ರ ಅದು ನಾಚ್ಕೊಂಡು ಎದ್ದು ಖಾಡಿ ನೀರಿಗೆ ವಾಪಸ್ ಹೊಂಟಿತ್ತು!" ಡಬ್ಬಿ ಬದಲಿ ಮಾಡ್ಕೊಂಡ್ವಿ. ಹೋಗೂವಾಗ ತನ್ನ ಮಸಾಲಿ ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ ಕೊಟ್ಟು, "ತಿನ್ನು, ಮೀಸಿ ಬೆಳೀತಾವ" ಅಂದ್ಲು.

ಮನಿಗೆ ಬಂದು ನಾ ಮಾಡಿದ ಕೆಲಸಕ್ಕ ನನಗ ನಾಚಿಕಿ ಐತಿ, ಆದ್ರೂ ಬರೀತೀನಿ. ಎರಡು ವಾಟಿಯೊಳಗ ಎರಡೂ ಖಾರ ಹಾಕಿ ಅವ್ವನ ಮುಂದ ಇಟ್ಟೆ.

"ನಮ್ಮದ್ಯಾವದು ಹೇಳು."

ಅವ್ವ ಎರಡೂ ನೋಡಿದ್ಲು. ಬಣ್ಣ ಹೆಚ್ಚುಕಡಿಮಿ ಒಂದ. ಎತ್ತಿ ಮೂಸಿದ್ಲು. ಆಮ್ಯಾಲ ಬೆರಳಿಗೆ ಹಚ್ಕೊಂಡು ನಾಲಿಗಿ ಮ್ಯಾಲ ಇಡಾಕ ಹೋದ್ಲು.

"ಹಾಂ ಹಾಂ, ತಿನಬ್ಯಾಡ. ಮೂಸಿ ಹೇಳು. ನಿನ್ನೆ ಮೂಸಿ ಹೇಳಿದೆಲ್ಲ, ನಮ್ಮ ಅವ್ವ ಮಾಡಿದಂಗ ಅಂತ?"

"ನಿನ್ನ ಪರೀಕ್ಷಾ ಮುಗೀತೇನು?" ಅಂದ್ಲು ಅವ್ವ. ದನಿ ಸಣ್ಣಗಾಗಿತ್ತು. "ನನಗ ವಾಸನಿ ಬರಂಗಿಲ್ಲೋ. ಹೋದ ಮಳಿಗಾಲದಾಗ ಜ್ವರ ಬಂದಿತ್ತಲ್ಲ, ಆವಾಗಿಂದ. ಏನಂದ್ರ ಏನೂ ಬರಂಗಿಲ್ಲ."

ಇದ ಆ ಮಾತು. ಇದಕ್ಕ ಕಾಯ್ರಿ ಅಂದಿದ್ದೆ.

ಹತ್ತು ತಿಂಗಳು! ಒಂದ ಮನಿ, ಒಂದು ಹಾಲ್, ಒಂದು ಬೆಡ್‌ರೂಮು, ಮೂರು ಮಂದಿ. ಹತ್ತು ತಿಂಗಳು ನಮಗ್ಯಾರಿಗೂ ಗೊತ್ತಾಗಲಿಲ್ಲ. ಊರ ಮಂದಿ ಟಿಫಿನ್ ಮೂಸಿ ನೋಟಬುಕ್ ತುಂಬಿಸ್ದೆ, ಮನ್ಯಾಗಿನ ಅವ್ವಗ ಮೂಗಿಲ್ಲ ಅಂತ ಗೊತ್ತಿಲ್ಲ. ಹಾಲು ಸೀದಾಗ "ಎಲ್ಲಿ ಲಕ್ಷ್ಯ ಇರ್ತೇತಿ ನಿಂದು" ಅಂತ ಬೈದಾಂವ ನಾ. ಹಳಸಿದ ಸಾರು ಹಾಕಿದ್ಲಂತ ತಾಟು ದೂಡಿ ಎದ್ದಾಂವ ನಾ. ಅಪ್ಪ ಅಂತೂ "ವಯಸ್ಸಾತು, ಈಗ ನಾವ ಅಡಗಿ ಕಲೀಬೇಕು" ಅಂತ ನಗ್ತಿದ್ದ. ಆಕಿ ಎಲ್ಲಾ ಕೇಳ್ಕೊಂಡು ಸುಮ್ನ ಪಾತೇಲಿ ತಿಕ್ಕತಿದ್ಲು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಮತ್ತೊಂದು. ನನ್ನ ಕಡೆ ಹುರಿಸಿದ್ದು ನನ್ನ ಮ್ಯಾಲ ಭರೋಸಾ ಬಂತಂತ ಅಲ್ಲ. ನನ್ನ ಮೂಗು ಬೇಕಾಗಿತ್ತು ಅಂತ.

"ಹೇಳಾಕ ಏನಾಗಿತ್ತು ಬೇ ನಿನಗ?" ಅಂತ ಒದರಿದೆ. "ಡಾಕ್ಟರ್ ಕಡೆ ಹೋಗ್ತಿದ್ವಿ!"

"ಹೇಳಿದ್ರ? ನನ್ನ ಕಡೆ ಯಾರು ಬರ್ತಾರ ಆಮ್ಯಾಲ? ವರ್ಷಕ್ಕ ಒಂದು ತಿಂಗಳು ನಾಲ್ಕು ಮಂದಿ ಬಂದು ನನಗ ಕೇಳ್ತಾರ. ಉಳಿದ ಹನ್ನೊಂದು ತಿಂಗಳು ನನ್ನ ಯಾರು ಏನು ಕೇಳ್ತೀರಿ?"

"ಅದೆಲ್ಲಾ ಬಿಡು" ಅಂದೆ ನಾ. "ಮುಂದಿನ ರವಿವಾರ ಟಿಟ್ವಾಳಾ ಕಾಕು ಬರಾಕಿ ಅದಾಳಲ್ಲ, ಮಗಳ ಲಗ್ನದ ಖಾರ ಹುರಸಾಕ. ಮೆಂತೆ ಸುಟ್ಟು ಕಹಿ ಆದ್ರ ಆಕಿಗೆ ನೀ ಏನ್ ಹೇಳಾಕಿ?"

"ನೀ ಇರ್ತೀಯಲ್ಲ. ಹಿಂದ ನಿಂತು ಕೆಮ್ಮು. ಸಾಕಾತು ಅಂದಾಗ ಒಮ್ಮೆ ಕೆಮ್ಮು."

ಕೆಮ್ಮು! ನನ್ನ ತಲಿ ಸಿಡೀತು. ನಾ ಒಂದು ಅಂದೆ, ಆಕಿ ಎರಡು ಅಂದ್ಲು, ದನಿ ಹೊರಗ ಮೆಟ್ಟಲತನಾ ಕೇಳೂ ಅಷ್ಟು ಏರಿತು. ಅಷ್ಟರಾಗ ಬೆಲ್ ಹೊಡೀತು.

ಯಾರು ಅಂತ ನನಗ ಗೊತ್ತಿತ್ತು. ಮ್ಯಾಲಿನ ಮನಿ ಉಡುಪಿ ಆಂಟಿ. ಈ ಆಂಟಿ ಹಿಂಗ ಹೊತ್ತಿಲ್ಲ ಗೊತ್ತಿಲ್ಲ ಬರ್ತಾಳ. ಕರಿಬೇವು ಉಂಟಾ, ಎರಡು ಹಸಿಮೆಣಸು ಉಂಟಾ. ಒಂದು ಸಲ ಬರೀ ಟೈಮ್ ಎಷ್ಟು ಅಂತ ಕೇಳಿ ಹೋಗಿದ್ಲು. ನಾ ಬಾಗಲಾ ತಗದು ಮಾರಿ ಮ್ಯಾಲ ಅಂದ್ಬಿಟ್ಟೆ, "ಆಂಟಿ, ಈ ವಾರದಾಗ ಮೂರನೇ ಸಲ. ಮಾರ್ಕೆಟಿನ್ಯಾಗ ಕರಿಬೇವು ಮುಗದಾವೇನು?"

ಆಕಿ ನನ್ನ ದೂಡ್ಕೊಂಡು ಸೀದಾ ಅಡಗಿಮನಿಗೆ ನಡದ್ಲು. ಗ್ಯಾಸ್ ಬಂದ್ ಮಾಡಿದ್ಲು. ಕುಕ್ಕರಿನ ತಳ ಕರ್ರಗಾಗಿತ್ತು, ಬ್ಯಾಳಿ ಸೀದು ಹೋಗಿತ್ತು. ಜಗಳದಾಗ ನನ್ನ ಆ ದೊಡ್ಡ ಮೂಗಿಗೂ ಗೊತ್ತಾಗಿರಲಿಲ್ಲ.

"ಎಂತ ಕರಿಬೇವು ಮಾರಾಯ? ನನ್ನ ಬಾಲ್ಕನಿಯಲ್ಲಿ ಗಿಡವೇ ಉಂಟು" ಅಂದ್ಲು ಆಂಟಿ. "ನಿಮ್ಮ ಮನೆಯ ಕಿಟಕಿಯಿಂದ ಸುಟ್ಟ ವಾಸನೆ ಬಂದ್ರೆ ನಾನು ಇಳಿದು ಬರುದು. ಎಂತಾದ್ರೂ ಕೇಳ್ಬೇಕಲ್ಲ, ಹಾಗೆ ಕೇಳುದು."

ಅವ್ವ ಕುಕ್ಕರ್ ಇಳಿಸಿ ಆಕಿ ಕಡೆ ತಿರುಗಿದ್ಲು. "ನಿಮಗ ಗೊತ್ತಿತ್ತೇನ್ರಿ?"

"ಗಣೇಶ ಚೌತಿಯಿಂದ. ಆವತ್ತು ನಿಮ್ಮಲ್ಲಿ ಗ್ಯಾಸ್ ಲೀಕ್ ಆಗ್ತಿತ್ತು, ನೀವು ಅದರ ಪಕ್ಕ ಕೂತು ಆರಾಮಲ್ಲಿ ಸೊಪ್ಪು ಬಿಡಿಸ್ತಾ ಇದ್ರಿ. ನೀವಾಗಿ ಹೇಳ್ಲಿಲ್ಲ, ಹಾಗಾಗಿ ನಾನು ಕೇಳ್ಲಿಲ್ಲ."

ಹೇಳ್ರಿ ಈಗ, ನನಗ ಯಾರ ಮ್ಯಾಲ ಸಿಟ್ಟು ಬರಬೇಕು? ಆಂಟಿ ಮ್ಯಾಲೂ ಬಂತು, ಖರೆ ಹೇಳ್ತೀನಿ. ಗ್ಯಾಸ್ ಅಂದ್ರ ಆಟಾನಾ? ನನಗರೆ ಒಂದು ಮಾತು ಹೇಳಬಾರದಾಗಿತ್ತಾ? ಇಬ್ಬರೂ ಹೆಣ್ಮಕ್ಕಳು ಒಬ್ಬರ ಮರ್ಯಾದಿ ಒಬ್ಬರು ಕಾಯ್ಕೋತ ಕೂತಾರ, ಮನಿ ಹಾರಿ ಹೋಗಿದ್ರ? ಮೂರನೇ ಫ್ಲೋರಿನ ಆಂಟಿಗೆ ಗೊತ್ತಾದದ್ದು ಅದ ಮನ್ಯಾಗ ಮಲಗೂ ನನಗ ಗೊತ್ತಾಗಲಿಲ್ಲ ಅನ್ನೂದು ಅದಕ್ಕಿಂತ ದೊಡ್ಡ ಸಿಟ್ಟು. ಆ ವಾರ ಪೂರ್ತಿ ಟ್ರೇನಿನ್ಯಾಗ ಬಾಜೂ ನಿಂತಾವರ ಜೋಡಿ ಸುಮ್ಸುಮ್ನ ಜಗಳಾಡೀನಿ.

ಬುಧವಾರ ಅವ್ವನ್ನ ಕಿವಿ ಮೂಗು ಗಂಟಲ ಡಾಕ್ಟರ್ ಕಡೆ ಎಳಕೊಂಡ ಹೋದೆ. ಎಳಕೊಂಡ ಅಂದ್ರ ಖರೇನ ಎಳಕೊಂಡ. ಅವರು ಲೈಟ್ ಹಾಕಿ ನೋಡಿ, ಜ್ವರದಿಂದ ಹಿಂಗ ಆಗ್ತೇತಿ, ವಾಪಸ್ ಬರಬಹುದು, ಬರದ ಇರಬಹುದು ಅಂದ್ರು. ದಿನಾ ಎರಡು ಹೊತ್ತು ಲವಂಗ, ಲಿಂಬಿಹಣ್ಣು, ನೀಲಗಿರಿ ಎಣ್ಣಿ, ಗುಲಾಬಿ ಒಂದೊಂದ ಮೂಸಬೇಕಂತ. ಮೊದಲ ಬಂದಿದ್ರ ಛಲೋ ಇತ್ತು ಅಂತ ಒಂದು ಮಾತು ಅಂದ್ರು. ನಾ ಅವ್ವನ ಮಾರಿ ನೋಡಿದೆ. ಆಕಿ ಪಂಖಾ ನೋಡಾಕತ್ತಿದ್ಲು.

ರವಿವಾರ ಟಿಟ್ವಾಳಾ ಕಾಕು ಬಂದ್ಲು, ಎರಡು ದೊಡ್ಡ ಚೀಲ ತುಂಬ ಸಾಮಾನು. ಈ ಕಾಕು ಅವ್ವನ ಹಳೇ ಗೆಳತಿ, ಇಪ್ಪತ್ತು ವರ್ಷದಿಂದ ನಮ್ಮ ಮನ್ಯಾಗನ ಹುರಸ್ತಾಳ. ಮಗಳ್ನ ವಿಠ್ಠಲವಾಡಿಗೆ ಕೊಟ್ಟಾರ, ಆಕಿ ಜೋಡಿ ಅತ್ತಿ ಮನಿಗೆ ಖಾರದ ಡಬ್ಬಿ ಹೋಗೂದು ನಮ್ಮ ಕಡೆ ಪದ್ಧತಿ. ಅತ್ತಿಯಾದಾಕಿ ಮೊದಲ ಡಬ್ಬಿ ಬಿಚ್ಚಿ ನೋಡ್ತಾಳ. ಮ್ಯಾಲಿನ ಆಂಟೀನೂ ತನ್ನ ಹುಳಿಪುಡಿ ಸಾಮಾನು ತಂದು ಕೂತಿದ್ಲು. ನಾ ಒಲಿ ಹತ್ರ ನಿಂತಿದ್ದೆ, ಮಾರಿ ಗಂಟು ಹಾಕ್ಕೊಂಡು. ಕೆಮ್ಮಾಕ ಒಪ್ಪಿದ್ದೆ.

"ಏನವ್ವಾ, ಮಗನ್ನ ಒಲಿ ಮುಂದ ನಿಲ್ಲಿಸೀದಿ? ಹೆಣ್ಣ ಸಿಗಲಿಲ್ಲೇನು, ಅಡಗಿ ಕಲಸಾಕತ್ತೀ?" ಕಾಕು ನಕ್ಕೋತ ಬಾಂಡ್ಲಿಗೆ ಮೆಂತೆ ಸುರುವಿದ್ಲು.

ಅವ್ವ ಕೈ ಚಾಚಿ ಗ್ಯಾಸ್ ಬಂದ್ ಮಾಡಿದ್ಲು.

"ತಡಿ. ನನಗ ಈಗ ವಾಸನಿ ಬರಂಗಿಲ್ಲ. ಹತ್ತು ತಿಂಗಳಾತು. ಹೇಳಿರಲಿಲ್ಲ. ಇಂವ ಮೂಸಿ ಹೇಳ್ತಾನ, ನಾ ಬಣ್ಣ ನೋಡಿ, ಚಟಪಟ ಸಪ್ಪಳ ಕೇಳಿ ಹೇಳ್ತೀನಿ. ಇಬ್ಬರೂ ಕೂಡಿ ಬರೋಬ್ಬರಿ ಮಾಡ್ತೀವಿ. ನಿನಗ ನಡೀತೇತೇನು?"

ಇದನ್ನ ನಾವು ಮಾತಾಡ್ಕೊಂಡಿರಲಿಲ್ಲ.

ಕಾಕು ಬಾಂಡ್ಲಿಯೊಳಗಿನ ಮೆಂತೆ ನೋಡಿದ್ಲು. "ಅಯ್ಯ, ಎಂಥಾದ್ದವ್ವ ಇದು" ಅಂದ್ಲು. ಆಮ್ಯಾಲ ಬಾಂಡ್ಲಿ ಬಗ್ಗಿಸಿ ಮೆಂತೆ ವಾಪಸ್ ಚೀಲಕ್ಕ ಹಾಕ್ಕೊಂಡ್ಲು. "ಹಂಗಂತ ಬ್ಯಾರೆ ತಿಳ್ಕೋಬ್ಯಾಡ. ಲಗ್ನದ ಖಾರಾ ನೋಡು. ಬದಲಾಪುರದಾಗ ನನ್ನ ನಾದಿನಿ ಅದಾಳ, ಆಕಿ ಕಡೆ ಹುರಸ್ತೀನಿ. ನೀ ಆರಾಮ ತೊಗೋ."

ಚಹಾನೂ ಕುಡೀಲಿಲ್ಲ. ಚೀಲ ಎತ್ಕೊಂಡು ಇಳದು ಹೋದ್ಲು. ಇಪ್ಪತ್ತು ವರ್ಷ!

ನಾ ಚಪ್ಪಲ್ ಹಾಕ್ಕೊಂಡು ಹಿಂದ ಓಡಾಕ ಹೊಂಟಿದ್ದೆ, ಏನ್ ಹೇಳ್ತಿದ್ನೋ ಗೊತ್ತಿಲ್ಲ. ಅವ್ವ ಅಂಗಿ ಹಿಡದು ಜಗ್ಗಿದ್ಲು. "ಆಕಿ ಮಗಳ ಲಗ್ನಪಾ. ಆಕಿ ಜಾಗಾದಾಗ ನಾ ಇದ್ರ ನಾನೂ ಹೋಗ್ತಿದ್ದೆ." ನೀ ಹೋಗ್ತಿರಲಿಲ್ಲ, ಅಂದೆ. ಈಗೂ ಅಂತೀನಿ. ಅವ್ವ ಕಾಕೂನ ಮಾಫ್ ಮಾಡ್ಯಾಳ, ನಾ ಮಾಡಿಲ್ಲ. ಲಗ್ನಕ್ಕ ಅವ್ವ ಅಪ್ಪ ಹೋಗಿ ಉಂಡು ಬಂದ್ರು, ನಾ ಹೋಗಲಿಲ್ಲ.

ಆವತ್ತು ಅಡಗಿಮನ್ಯಾಗ ಉಳದಾವರು ಮೂರ ಮಂದಿ. ಆಂಟಿ ತನ್ನ ಕೊತ್ತಂಬರಿ ಪೊಟ್ಟಣ ಅವ್ವನ ಮುಂದ ತಳ್ಳಿ, "ನನಗೆ ಯಾವ ನಾದಿನಿಯೂ ಇಲ್ಲ. ಹುರೀರಿ" ಅಂದ್ಲು. ಹುರದ್ವಿ. ನಾ "ಸಾಕು" ಅಂದಾಗ ಅವ್ವ "ಇಲ್ಲ, ಇನ್ನೂ ಚಟಗುಟ್ಟಿಲ್ಲ, ತಡಿ" ಅಂದ್ಲು. ನಾ ಹೌದು ಅಂದೆ, ಆಕಿ ಅಲ್ಲ ಅಂದ್ಲು. ಆಕಿ ಹೇಳಿದ್ದ ಸರಿ ಇತ್ತು. ಒಂದ ನಿಮಿಷದ ಮ್ಯಾಲ ವಾಸನಿ ತಿರುಗಿತು, ನಾ ಅವಸರ ಮಾಡಿದ್ದೆ. "ಮೂಗೈತಿ, ತಾಳ್ಮಿ ಇಲ್ಲ ನಿನಗ" ಅಂದ್ಲು. ಬೈಸ್ಕೊಂಡು ಇಷ್ಟು ಖುಷಿ ನನಗ ಎಂದೂ ಆಗಿಲ್ಲ, ಸಿಟ್ಟು ಮಾತ್ರ ಹಂಗ ಇತ್ತು.

ಈಗ ಮನ್ಯಾಗ ಗ್ಯಾಸಿನ ಅಲಾರಾಂ ಹಾಕ್ಸೀನಿ. ದಿನಾ ಮುಂಜಾನೆ ನಾ ಆಫೀಸಿಗೆ ಹೋಗೂಕಿಂತ ಮೊದಲ ನಾಲ್ಕು ವಾಟಿ ಮುಂದ ಇಟ್ಕೊಂಡು ಕುಂದರ್ತೀವಿ. ಆಕಿ ಲವಂಗ ಮೂಸ್ತಾಳ. "ಏನರೆ ಬಂತಾ?" ಅಂತೀನಿ. "ಇಲ್ಲ" ಅಂತಾಳ. ಮೊದಲು "ಹಾಂ, ಸ್ವಲ್ಪ ಸ್ವಲ್ಪ" ಅಂತ ಸುಳ್ಳ ಹೇಳ್ತಿದ್ಲು, ಈಗ ಸೀದಾ ಇಲ್ಲ ಅಂತಾಳ. ನಾ ನೋಟಬುಕ್ಕಿನ್ಯಾಗ ತಾರೀಖು ಹಾಕಿ "ಇಲ್ಲ" ಅಂತ ಬರೀತೀನಿ. ಎರಡು ಪುಟ ತುಂಬ್ಯಾವ.

ಇದನ್ನ ಬರಿ ಅಂದಾಕೀನೂ ಅವ್ವನ. ಹೆಸರು ಹಾಕಬ್ಯಾಡ ಅಂದಾಳ. ನಿಮ್ಮ ಮನ್ಯಾಗ ಯಾರಿಗರೆ ಹಿಂಗ ವಾಸನಿ ಹೋಗಿತ್ತೇನು? ವಾಪಸ್ ಬಂತೇನು, ಎಷ್ಟು ದಿನಕ್ಕ ಬಂತು, ಮೊದಲ ಯಾವ ವಾಸನಿ ಬಂತು? ಬರಲಿಲ್ಲ ಅಂದ್ರೂ ಖರೇನ ಬರೀರಿ, ಸಮಾಧಾನಕ್ಕ ಸುಳ್ಳ ಬ್ಯಾಡ. ಸಂಜೀಕ ನೀವು ಬರದಿದ್ದನ್ನ ನಾ ಒಂದೊಂದ ಆಕಿ ಮುಂದ ಓದ್ತೀನಿ.